ಹಳೆಯ ಮನೆಗೆ ಕೋಣೆ: ಮೇಲೋ, ಪಕ್ಕಕ್ಕೋ?

ಮಗನ ಮದುವೆ ಹತ್ತಿರ ಬಂದರೆ ಸಾಕು, "ಮೇಲೊಂದು ಮಹಡಿ ಎತ್ತಿಸೋಣ" ಎಂಬ ಮಾತು ಶುರುವಾಗುತ್ತದೆ. ಅದಕ್ಕೂ ಮೊದಲು ಗೋಡೆ ನೋಡಿ. ಮೂಡಿಗೆರೆ, ಸಕಲೇಶಪುರ ಕಡೆ ಮಣ್ಣಿನ ಗೋಡೆಯ ಹೆಂಚಿನ ಮನೆಗಳು ಇನ್ನೂ ಇವೆ. ಐದು ಅಂಗುಲದ ಕಾಂಕ್ರೀಟ್ ತಾರಸಿ ಚದರ ಅಡಿಗೆ ಸುಮಾರು 30 ಕೆ.ಜಿ. ತೂಗುತ್ತದೆ, ಹೆಂಚಿನ ಮಾಡು ಅದರ ಮೂರನೇ ಒಂದು ಭಾಗವೂ ಇಲ್ಲ. ಅಂಥ ಗೋಡೆಯ ಮೇಲೆ ಮಹಡಿ ಬೇಡವೇ ಬೇಡ, ಮೇಸ್ತ್ರಿ ಎಷ್ಟೇ ಧೈರ್ಯ ಹೇಳಲಿ. ಪಿಲ್ಲರ್ ಮನೆಯಾದರೂ ಪಾಯದ ಅಳತೆಯನ್ನು ಎಂಜಿನಿಯರ್ ನೋಡಲಿ.

ಜಾಗವಿದ್ದರೆ ಪಕ್ಕಕ್ಕೆ ಕಟ್ಟುವುದೇ ನನ್ನ ಆಯ್ಕೆ. ಹೊಸ ಪಾಯ ಸ್ವಲ್ಪ ಕುಸಿಯುವುದು ಸಹಜ. ಆದ್ದರಿಂದ ಹೊಸ ಗೋಡೆಯನ್ನು ಹಳೆಯದಕ್ಕೆ ಬೆಸೆಯದೆ ಸಂದು ಬಿಡಿಸಿ, ಇಲ್ಲವಾದರೆ ಬಿರುಕು ಬರುತ್ತದೆ. ನಮ್ಮ ಮಳೆಗೆ ಸೋರುವುದು ಎರಡು ಮಾಡು ಕೂಡುವಲ್ಲೇ. ಅಲ್ಲಿ ನೀರು ಹರಿದುಹೋಗಲು ಅಗಲವಾದ ತಗಡಿನ ದೋಣಿ ಹಾಕಿಸಿ, ಅದರಲ್ಲಿ ಜಿಪುಣತನ ಬೇಡ.

ಓದುವ ಮಕ್ಕಳಿಗಷ್ಟೇ ಕೋಣೆ ಬೇಕಿದ್ದರೆ ಅಟ್ಟವನ್ನೇ ಗಟ್ಟಿ ಮಾಡಿಸಿ ಗಾಜಿನ ಹೆಂಚು ಹಾಕಿಸಬಹುದು. ಕಾಫಿ ಮೂಟೆ ಮಾತ್ರ ಬೇರೆಡೆಗೆ ಹೋಗಬೇಕು!

ಪಂಚಾಯಿತಿ ಅಥವಾ ನಗರಸಭೆಯ ಪರವಾನಗಿಯನ್ನು ಮಳೆಗಾಲದಲ್ಲೇ ಮಾಡಿಸಿಕೊಂಡು, ದೀಪಾವಳಿ ಕಳೆದ ಮೇಲೆ ಪಾಯ ತೆಗೆಸಿ.