ಕೊಡಗಿನ ಹೆವಿ ಮೆಟಲ್ ಕೇಳುಗರಿಗೆ: ಒಡನಾಟದ ಕೈಪಿಡಿ

ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ನೆಲೆಸಿರುವ, ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಕೇಳುಗರು ಜೊತೆಗಾರರನ್ನು ಗುರುತಿಸಲು ತಂಡದ ಹೆಸರಿರುವ ಕಪ್ಪು ಟೀ ಶರ್ಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ಅದನ್ನು ತೊಟ್ಟವರನ್ನೆಲ್ಲ ತಡೆದು ‘ಆ ತಂಡದ ಮೂರು ಹಾಡು ಹೇಳಿ’ ಎಂದು ಪರೀಕ್ಷಿಸುವ ಚಾಳಿ ಸ್ನೇಹಕ್ಕೆ ಅಡ್ಡಿಯೇ ಹೊರತು ದಾರಿಯಲ್ಲ. ಅದರ ಬದಲು, 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ, ಅಮೆರಿಕದ ಮೆಟಲ್ ತಂಡ ಮೆಟಾಲಿಕಾದ ಕಾರ್ಯಕ್ರಮಕ್ಕೆ ಹೋಗಿದ್ದಿರಾ ಎಂದು ವಿಚಾರಿಸಿದರೆ ಮಾತು ತಾನಾಗಿ ಬೆಳೆಯುತ್ತದೆ.

ನಿಜವಾದ ಜಾಣ್ಮೆ ಬೇಕಾಗುವುದು ಮದುವೆ ಮನೆಯಲ್ಲಿ. ಅದೃಷ್ಟವಶಾತ್, ಕಪ್ಪು ಬಣ್ಣವನ್ನು ಶುಭಕಾರ್ಯಕ್ಕೆ ಒಗ್ಗದೆಂದು ದೂರವಿಡುವ ಅನೇಕ ಊರುಗಳಂತಲ್ಲ ಕೊಡಗು: ಇಲ್ಲಿ ಮದುಮಗ ಬಿಳಿ ಕುಪ್ಯ (ಮೊಣಕಾಲಿನವರೆಗಿನ ನಿಲುವಂಗಿ) ತೊಟ್ಟರೆ, ಉಳಿದ ಕೊಡವ ಗಂಡಸರು ಕಪ್ಪು ಕುಪ್ಯದ ಮೇಲೆ ಕೆಂಪು ಚೇಲೆ ಎಂಬ ಸೊಂಟಪಟ್ಟಿ ಬಿಗಿದು, ಅದಕ್ಕೆ ಬೆಳ್ಳಿ ಹಿಡಿಯ ಪೀಚೆಕತ್ತಿ ಎಂಬ ಕಿರುಗತ್ತಿ ಸಿಕ್ಕಿಸಿಕೊಂಡು ಬರುತ್ತಾರೆ. ಹಾಗೆಂದು ತಲೆಬುರುಡೆಯ ಚಿತ್ರವಿರುವ ಅಂಗಿ ಅಲ್ಲಿ ಸಲ್ಲದು. ಅತಿಥಿಯಾಗಿ ಹೋಗುವವರು ಸಾದಾ ಅಂಗಿ ತೊಟ್ಟು, ಉದ್ದ ಕೂದಲನ್ನು ಹಿಂದಕ್ಕೆ ಕಟ್ಟಿ, ಹಿರಿಯರನ್ನು ಮೊದಲು ಮಾತನಾಡಿಸಬೇಕು. ವಾಲಗ ಶುರುವಾದಾಗ ಮೂಲೆ ಹಿಡಿಯದೆ ಕುಣಿಯಬೇಕು, ಏಕೆಂದರೆ ಕುಣಿದವರ ಹಚ್ಚೆಯ ಬಗ್ಗೆ ಆಮೇಲೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಕಚೇರಿಯಲ್ಲಿ ಹಚ್ಚೆ ಮರೆಮಾಡಲು ತುಂಬುತೋಳಿನ ಅಂಗಿ ಸಾಕು.

ಗಟ್ಟಿ ಸಂಗೀತದ ಹಂಬಲವಿರುವವರು ಮಡಿಕೇರಿ ದಸರಾದಲ್ಲಿ ಹತ್ತು ದೇವಾಲಯಗಳ ಅಲಂಕೃತ ಮಂಟಪಗಳು ಅಬ್ಬರದ ಸಂಗೀತದೊಂದಿಗೆ ಮೆರವಣಿಗೆ ಹೊರಡುವ ದಶಮಂಟಪಗಳ ರಾತ್ರಿಯನ್ನು ತಪ್ಪಿಸಬಾರದು. ಉಳಿದ ದಿನಗಳಿಗೆ ಹೆಡ್‌ಫೋನ್ ಇದೆ. ಆದರೆ ಸಿದ್ದಾಪುರದ ಸುತ್ತಲಿನಂತೆ ಕಾಡಾನೆ ಓಡಾಡುವ ಕಾಫಿ ತೋಟಗಳ ದಾರಿಯಲ್ಲಿ ನಡೆಯುವಾಗ ಅದನ್ನು ಕಡ್ಡಾಯವಾಗಿ ತೆಗೆದು ಚೀಲಕ್ಕೆ ಹಾಕಿಕೊಳ್ಳಬೇಕು.