ಬಂದದ್ದನ್ನು ಬರೆಯದ ಲೆಕ್ಕ

ಚಿಕ್ಕಪೇಟೆಯ ಒಂದು ಸೀರೆ ಹೋಲ್‌ಸೇಲ್ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. 14 ವರ್ಷವಾಯಿತು. ಒಂದು ರೂಪಾಯಿ ಹೆಚ್ಚುಕಮ್ಮಿ ಬಂದರೂ ಅದನ್ನು ಹಿಡಿಯುವ ತನಕ ಕುರ್ಚಿ ಬಿಟ್ಟು ಏಳುವವನಲ್ಲ. ಅಂಥವನು ಆನ್‌ಲೈನ್ ರಮ್ಮಿಯಲ್ಲಿ 3 ಲಕ್ಷದ 40 ಸಾವಿರ ಕಳೆದೆ. ಅದಕ್ಕೆ ಮಾತ್ರ ಎಲ್ಲೂ ಲೆಕ್ಕ ಇಟ್ಟಿರಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಹರಡಿಕೊಂಡು, ಹೆಂಡತಿಯ ಪಕ್ಕ ಕೂತು ಕೂಡಿದ ದಿನವೇ ಆ ಮೊತ್ತ ನನಗೂ ಗೊತ್ತಾಗಿದ್ದು.

ಶುರುವಾಗಿದ್ದು 2021ರ ಲಾಕ್‌ಡೌನ್‌ನಲ್ಲಿ, ಸುಮ್ನೆ ಹೊತ್ತು ಕಳೆಯಲು. ಆಮೇಲೆ ಮೆಟ್ರೋದಲ್ಲಿ. ದಾಸರಹಳ್ಳಿಯಲ್ಲಿ ಹತ್ತಿದರೆ ಚಿಕ್ಕಪೇಟೆಗೆ ಸುಮಾರು ಅರ್ಧ ಗಂಟೆ. ಯಶವಂತಪುರ ಬರುವಷ್ಟರಲ್ಲಿ ಒಂದು ಆಟ, ಸಂಪಿಗೆ ರಸ್ತೆಗೆ ಇನ್ನೊಂದು. ಅಲ್ಲಿಂದ ರೈಲು ನೆಲದೊಳಗೆ ಇಳಿಯುತ್ತದೆ, ಆಗೆಲ್ಲ ನೆಟ್‌ವರ್ಕ್ ಹೋಗುತ್ತಿತ್ತು. ಕೈಯಲ್ಲಿ ಒಳ್ಳೆಯ ಎಲೆಗಳಿದ್ದಾಗ ಆ ಸುರಂಗಕ್ಕೆ ಶಾಪ ಹಾಕಿದ್ದೇನೆ.

ಆ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಇಂಥ ಆಟಗಳ ಮೇಲೆ ಕಾನೂನು ತಂದಿತು. ಆ್ಯಪ್ ನಿಂತಿತು. ನಾಲ್ಕು ತಿಂಗಳು ಹಾಯಾಗಿದ್ದೆ. ದೇವರೇ ಬಿಡಿಸಿದ ಎಂದು ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಕೂಡ ಹೇಳಿದೆ! ಯಾವುದರಿಂದ ಎಂದು ಹೇಳಲಿಲ್ಲ, ಅದು ಬೇರೆ ಮಾತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಅದೇ ವಾರ ನಾನು ಮತ್ತೆ ಎಲೆ ಹಿಡಿದಿದ್ದೆ.

ನಮ್ಮದು ಅಜ್ಜನ ಕಾಲದಿಂದ ಕ್ರೈಸ್ತ ಮನೆ. ಕೂಸಾಗಿದ್ದಾಗ ದೀಕ್ಷಾಸ್ನಾನ, ಹದಿನಾರಕ್ಕೆ ದೃಢೀಕರಣ, ಭಾನುವಾರ ಆರಾಧನೆ ತಪ್ಪಿಸಿದವನಲ್ಲ. ಲೆಕ್ಕ ಬಲ್ಲವನೆಂದು ಚರ್ಚಿನ ಸಭೆಯಲ್ಲಿ ಕಾಣಿಕೆ ಎಣಿಸುವ ಕೆಲಸವೂ ನನಗೇ. 2023ರ ಒಂದು ಭಾನುವಾರ ಆ ಕಾಣಿಕೆಯಿಂದ 2,000 ರೂಪಾಯಿ ತೆಗೆದೆ. ಸೋಮವಾರ ಇಟ್ಟುಬಿಡುವುದು ಎಂದುಕೊಂಡಿದ್ದೆ. ಇಟ್ಟೆ ಕೂಡ. ಯಾರಿಗೂ ತಿಳಿಯಲಿಲ್ಲ. ಆದರೆ ಆ ನೋಟುಗಳಲ್ಲಿ ಒಂದನ್ನು ನಾಲ್ಕಾಗಿ ಮಡಚಿದ್ದರು. ನಮ್ಮ ಸಭೆಯ ಒಬ್ಬ ಅಜ್ಜಿ ಹಾಗೆ ಮಡಚಿ ಹಾಕುತ್ತಾರೆ. ಆ ಮಡಿಕೆ ಬಿಡಿಸಿದ ಬೆರಳು ನನ್ನದು. ಮೂರು ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕನೇ ದಿನ ನಮ್ಮ ಸಭೆಯ ಪಾದ್ರಿ ಅಯ್ಯನವರ ಮನೆ ಬಾಗಿಲಲ್ಲಿ ನಿಂತಿದ್ದೆ.

ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಎಲ್ಲ ಕೇಳಿಸಿಕೊಂಡು, ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಆರನೇ ಅಧ್ಯಾಯ ತೆಗೆದು ಗಟ್ಟಿಯಾಗಿ ಓದು ಎಂದರು. ಹನ್ನೊಂದನೇ ವಚನದಲ್ಲಿ ತಡೆದರು. ನೀವು ಪಾಪದ ಪಾಲಿಗೆ ಸತ್ತವರು, ದೇವರಿಗಾಗಿ ಜೀವಿಸುವವರು ಎಂದು ‘ಎಣಿಸಿಕೊಳ್ಳಿರಿ’ ಎಂಬ ವಚನ ಅದು.

“ನೀನು ಲೆಕ್ಕದವನಲ್ವಾ? ಎಣಿಸುವುದು ಅಂದರೇನು?” ಎಂದರು.

“ಅಯ್ಯನವರೇ, ಸತ್ತಿಲ್ಲದವನು ಸತ್ತೆ ಎಂದು ಬರೆದುಕೊಂಡರೆ ಅದು ಸುಳ್ಳು ಲೆಕ್ಕ ಆಗುತ್ತದೆ” ಎಂದೆ. ಕೋಪದಿಂದಲೇ ಹೇಳಿದೆ. ಇಂಥ ಮಾತು ಪ್ರಸಂಗದಲ್ಲಿ ಬೇಕಾದಷ್ಟು ಕೇಳಿದ್ದೆ. ಹೊಸ ಸೃಷ್ಟಿ, ಹೊಸ ಮನುಷ್ಯ. ಕೇಳಿ ಹೊರಗೆ ಬಂದು, ಚಪ್ಪಲಿ ಹಾಕಿಕೊಳ್ಳುವಾಗಲೇ ಫೋನ್ ತೆಗೆಯುತ್ತಿದ್ದ ಹಳೇ ಮನುಷ್ಯ ನಾನು.

ಅವರು ಹೇಳಿದ್ದು ಇಷ್ಟು. ಬಾರದ ಹಣವನ್ನು ಬಂತು ಎಂದು ಬರೆದರೆ ಸುಳ್ಳು ಲೆಕ್ಕ, ಸರಿ. ಬಂದ ಹಣವನ್ನು ಬರೆಯದೆ ಬಿಟ್ಟರೆ? ಅದೂ ಸುಳ್ಳು ಲೆಕ್ಕವೇ. ಮೇಲಿನ ಹತ್ತು ವಚನ ನೋಡು, ನೀನು ಮಾಡಬೇಕಾದ್ದು ಒಂದೂ ಇಲ್ಲ, ಎಲ್ಲ ಆಗಿಹೋದದ್ದು. ಕ್ರಿಸ್ತನ ಜೊತೆ ಹಳೇ ಮನುಷ್ಯ ಶಿಲುಬೆಗೆ ಹೋದ, ದೀಕ್ಷಾಸ್ನಾನದಲ್ಲಿ ಹೂಣಲ್ಪಟ್ಟೆ. ಈ ಅಧ್ಯಾಯದಲ್ಲಿ ‘ಮಾಡಿ’ ಎನ್ನುವ ಮೊದಲ ಆಜ್ಞೆ ಹನ್ನೊಂದರಲ್ಲಿದೆ. ಅದೂ ಬರೀ ಎಂಟ್ರಿ ಹಾಕು ಅನ್ನುವುದು.

ಗ್ರೀಕಿನಲ್ಲಿ ಅಲ್ಲಿರುವ ಪದ ಲೋಗಿಜೊಮಾಯ್. ಆಗಿನ ವ್ಯಾಪಾರಸ್ಥರು ಲೆಕ್ಕ ಹಾಕುವುದಕ್ಕೆ ಬಳಸುತ್ತಿದ್ದ ಮಾತಂತೆ. ನಾಲ್ಕನೇ ಅಧ್ಯಾಯದಲ್ಲಿ ಅಬ್ರಹಾಮನ ನಂಬಿಕೆಯನ್ನು ನೀತಿಯೆಂದು ಎಣಿಸಿದ್ದೂ ಅದೇ ಪದದಿಂದ. ನಾನು ಬೈಬಲಿನಲ್ಲಿ ನನ್ನ ಕಸುಬಿನ ಮಾತು ಕಂಡದ್ದು ಅವತ್ತೇ ಮೊದಲು.

ಮನೆಗೆ ಬಂದು ಟ್ರಂಕಿನಿಂದ ನನ್ನ ದೀಕ್ಷಾಸ್ನಾನದ ಸರ್ಟಿಫಿಕೇಟ್ ತೆಗೆದೆ. ಸ್ಕೂಲ್ ಅಡ್ಮಿಷನ್‌ಗೆ ಜೆರಾಕ್ಸ್ ಮಾಡಿಸಿದ್ದು ಬಿಟ್ಟರೆ ಅದರಿಂದ ನನಗೆ ಕೆಲಸವೇ ಬಿದ್ದಿರಲಿಲ್ಲ. ನಾನು ಅಷ್ಟು ವರ್ಷ ಮಾಡಿದ ತಪ್ಪು ಆಗ ಕಂಡಿತು. ಆಟ ಬಿಟ್ಟ ಮೇಲೆ ಹೊಸಬನಾಗುತ್ತೇನೆ ಎಂದು ಕಾಯುತ್ತಿದ್ದೆ. ಅಲ್ಲಿ ಬರೆದಿರುವುದು ಹೊಸಬನಾಗಿದ್ದೀಯ, ಆದ್ದರಿಂದ ಬಿಡು ಎಂದು. ಓಪನಿಂಗ್ ಬ್ಯಾಲೆನ್ಸನ್ನೇ ತಪ್ಪು ಹಿಡಿದರೆ ಮುಂದಿನ ಪುಟಗಳೆಲ್ಲ ತಪ್ಪುತ್ತಾ ಹೋಗುತ್ತವೆ.

ಇಷ್ಟು ಹೊಳೆದ ಮೇಲೆ ಚಟ ಹಾರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅದೇ ಅಧ್ಯಾಯದ ಹದಿಮೂರನೇ ವಚನ ನಿಮ್ಮ ಅಂಗಗಳನ್ನು ಪಾಪಕ್ಕೆ ಒಪ್ಪಿಸಬೇಡಿ ಎನ್ನುತ್ತದೆ. ನನ್ನ ಮಟ್ಟಿಗೆ ಆ ಅಂಗ ಬಲಗೈ ಹೆಬ್ಬೆರಳು. ಅದು ತಾನಾಗಿಯೇ ಫೋನ್ ತೆರೆಯುತ್ತಿತ್ತು. ಫೋನಿನಿಂದ ಬೆರಳಚ್ಚು ತೆಗೆಸಿದೆ, ಪಿನ್ ಹೆಂಡತಿ ಹಾಕಿದಳು. ಎಟಿಎಂ ಕಾರ್ಡ್ ಅವಳ ಪರ್ಸಿಗೆ ಹೋಯಿತು. ಸಂಬಳವೂ ಅವಳ ಖಾತೆಗೆ. ನನಗೆ ದಿನಕ್ಕೆ 150 ರೂಪಾಯಿ, ಕಾಫಿಗೆ, ಊಟಕ್ಕೆ. ನಾಚಿಕೆ ಆಗಲಿಲ್ಲವೇ ಎಂದರೆ, ಆಯಿತು, ಮೊದಲ ಎರಡು ವಾರ.

ನಿಮ್ಹಾನ್ಸ್‌ಗೂ ಹೋದೆ. ಫೋನು, ಇಂಟರ್ನೆಟ್ಟು, ಗೇಮುಗಳ ಚಟಕ್ಕೆಂದೇ ಅಲ್ಲಿ 2014ರಿಂದ ಶಟ್ ಎಂಬ ಕ್ಲಿನಿಕ್ ಇದೆ. ‘ಪ್ರಾರ್ಥನೆ ಸಾಲದೇ?’ ಎಂದು ಸಭೆಯಲ್ಲಿ ಕೇಳಿದವರಿದ್ದಾರೆ. ಅವರೇ ಶುಗರ್‌ಗೆ ಮಾತ್ರೆ ನುಂಗುತ್ತಾರೆ, ಇರಲಿ. ಹೋದ ಹಣವನ್ನು ವಾಪಸ್ ಹಿಡಿಯಲು ಆಡುವುದೇ ಈ ಚಟದ ಬೆನ್ನೆಲುಬು ಎಂದು ನನಗೆ ಮೊದಲು ಬಿಡಿಸಿ ಹೇಳಿದವರು ಅಲ್ಲಿಯವರೇ.

ಹತ್ತೊಂಬತ್ತನೇ ದಿನ ಬಿದ್ದೆ. ಅಂಗಡಿ ಹುಡುಗನ ಫೋನ್ ಕೇಳಿ ಪಡೆದು 1,200 ರೂಪಾಯಿ ಕಳೆದೆ. ಮೊದಲಾಗಿದ್ದರೆ ಮುಂದಿನದು ನನಗೆ ಬಾಯಿಪಾಠ. ಮುಚ್ಚಿಡುವುದು, ಚರ್ಚಿಗೆ ಹೋಗಲು ಮುಖವಿಲ್ಲ ಎಂದು ತಪ್ಪಿಸಿಕೊಳ್ಳುವುದು, ನಿನ್ನಂಥವನಿಗೆ ಇನ್ನೇನು ಎಂದು ಒಳಗೊಂದು ದನಿ ಹೇಳಿದಾಗ ಹೌದೆನ್ನುವುದು, ಮತ್ತೆ ಆಡುವುದು. ಆ ದನಿಯ ಗುರುತು ನನಗೆ ಸಿಕ್ಕಿದ್ದು ಮತ್ತಾಯನ ಸುವಾರ್ತೆಯಲ್ಲಿ. ಯೊರ್ದಾನ್ ಹೊಳೆಯಲ್ಲಿ ಯೇಸು ದೀಕ್ಷಾಸ್ನಾನ ಪಡೆದಾಗ ‘ನನ್ನ ಮಗನು’ ಎಂದು ಆಕಾಶದಿಂದ ಮಾತು ಬರುತ್ತದೆ. ಅದರ ಬೆನ್ನಿಗೇ ಅಡವಿಯಲ್ಲಿ ಸೈತಾನ ಬಾಯಿ ತೆರೆಯುವುದೇ ‘ನೀನು ದೇವರ ಮಗನಾಗಿದ್ದರೆ’ ಎಂದು. ಕಲ್ಲನ್ನು ರೊಟ್ಟಿ ಮಾಡು ಎಂಬ ಮಾತು ಆಮೇಲೆ. ಅವನು ಮೊದಲು ಕೈ ಹಾಕುವುದು ಗುರುತಿಗೇ.

ಆ ರಾತ್ರಿ ಊಟಕ್ಕೆ ಕೂರುವ ಮೊದಲೇ ಹೆಂಡತಿಗೆ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ನೋಟ್‌ಬುಕ್ ತಂದು ‘ಬರೀರಿ’ ಎಂದಳು. 1,200, ತಾರೀಖು. ಅದು ನನ್ನ ಈ ಪಾಪದ ಮೊದಲ ಎಂಟ್ರಿ. ಬಿದ್ದದ್ದು ನಿಜ, ಬರೆದೆ. ಆದರೆ ಬಿದ್ದವನು ಮಗ ಎಂಬ ಸಾಲನ್ನು ಈ ಸಲ ಹೊಡೆದುಹಾಕಲಿಲ್ಲ. ಮುಂದಿನ ಭಾನುವಾರ ಚರ್ಚಿಗೂ ಹೋದೆ. ನನಗೆ ಗೊತ್ತಿದ್ದಂತೆ ಬದಲಾವಣೆ ಇದೊಂದೇ, ಬಿದ್ದ ಮೇಲಿನ ಇಪ್ಪತ್ತನಾಲ್ಕು ಗಂಟೆ. ಆ ನೋಟ್‌ಬುಕ್ಕಿನಲ್ಲಿ ರಮ್ಮಿಯದು ಇನ್ನೊಂದೇ ಎಂಟ್ರಿ ಇದೆ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಹಣ ಕಟ್ಟಿ ಆಡುವ ಆಟಗಳನ್ನೇ ನಿಷೇಧಿಸಿತು. ಒಳ್ಳೆಯದೇ ಆಯಿತು, ಎಷ್ಟೋ ಮನೆ ಉಳಿದಾವು. ಆದರೆ ಅದೇ ತಿಂಗಳು ಮೆಟ್ರೋದಲ್ಲಿ ಪಕ್ಕದವನ ಫೋನಿನಲ್ಲಿ ಆಪ್ಷನ್ಸ್ ಟ್ರೇಡಿಂಗ್‌ನ, ಅಂದರೆ ಷೇರು ಬೆಲೆ ಏರುತ್ತೋ ಇಳಿಯುತ್ತೋ ಎಂದು ಹಣ ಹೂಡುವ ವ್ಯಾಪಾರದ, ಕೆಂಪು-ಹಸಿರು ಗೆರೆ ನೋಡಿ ನನ್ನ ಅಂಗೈ ಬೆವೆತಿತು. ಮೂರು ವರ್ಷದಲ್ಲಿ ಷೇರುಗಳ ಫ್ಯೂಚರ್ಸ್-ಆಪ್ಷನ್ಸ್‌ನಲ್ಲಿ ಆಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ 2024ರಲ್ಲಿ ಹೇಳಿತ್ತು. ಗೊತ್ತಿತ್ತು. ಉಳಿದ ಏಳು ಜನರಲ್ಲಿ ನಾನೊಬ್ಬ ಎಂದು ಹೆಬ್ಬೆರಳು ಹೇಳಿತು! ಕಾನೂನು ಅಂಗಡಿ ಮುಚ್ಚಿಸಬಹುದು, ಗಿರಾಕಿಯನ್ನು ಏನು ಮಾಡೀತು? ಮಜೆಸ್ಟಿಕ್‌ನಲ್ಲಿ ಇಳಿದು, ಪ್ಲಾಟ್‌ಫಾರ್ಮ್‌ನಲ್ಲೇ ನಿಂತು ಹೆಂಡತಿಗೆ ಫೋನ್ ಮಾಡಿದೆ. ‘ಈಗ ಏನಾಗ್ತಿದೆ?’ ಎಂದಳು. ಹೇಳಿದೆ. ‘ಅದು ಸತ್ತವನ ಆಸೆ, ಅವನ ಸಾಲ ನೀವ್ಯಾಕೆ ತೀರಿಸ್ತೀರಿ’ ಎಂದಳು. ಮುಂದಿನ ರೈಲು ಹತ್ತಿದೆ.

ಆ 2,000ದ ವಿಷಯ ಕಮಿಟಿಗೆ ಹೇಳಲೇಬೇಕು ಎಂದು ಅಯ್ಯನವರು ಆಗಲೇ ಹೇಳಿದ್ದರು. ಹೇಳಿದ್ದೆ, ಕಾಲು ನಡುಗುತ್ತಲೇ. ಬೈಬಲಿನಲ್ಲಿ ಸುಂಕದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ, ಅವನೂ ಹಣದ ಲೆಕ್ಕದವನೇ. ನಾನು ತಿಂಗಳಿಗೆ ಸಾವಿರದಂತೆ ಎಂಟು ತಿಂಗಳು ಕಟ್ಟಿದೆ. ಎಣಿಸುವ ಕೆಲಸ ಬಿಟ್ಟೆ. ಒಬ್ಬಿಬ್ಬರು ಇವತ್ತಿಗೂ ನನ್ನ ಕೈ ಕುಲುಕುವುದಿಲ್ಲ.

ಹೋದ ತಿಂಗಳು ಕಾರ್ಯದರ್ಶಿ ಬಂದು, ಜನ ಸಾಲುತ್ತಿಲ್ಲ, ಮತ್ತೆ ಎಣಿಸಲು ಬರುತ್ತೀಯಾ ಎಂದರು. ಒಬ್ಬನೇ ಕೂರುವುದಿಲ್ಲ, ಜೊತೆಗೆ ಇಬ್ಬರಿದ್ದರೆ ಬರುತ್ತೇನೆ ಎಂದೆ. ಒಪ್ಪಿದರು. ಮೊದಲ ಭಾನುವಾರ ಚೀಲ ಸುರಿದಾಗ ನಾಲ್ಕಾಗಿ ಮಡಚಿದ ನೋಟು ಮೇಲೆಯೇ ಇತ್ತು. ಅದನ್ನು ಪಕ್ಕದವರ ಕಡೆ ಸರಿಸಿದೆ. ಅವರು ಬಿಡಿಸಿ, ನೂರು ಎಂದರು. ನಾನು ಬರೆದುಕೊಂಡೆ.