ಲೈಬ್ರರಿ ಜಗಳ: ಮೊದಲು ಮರ ನೋಡಿ, ಆಮೇಲೆ ಕೈ ಹಾಕಿ

ದಾವಣಗೆರೆಯಲ್ಲಿ ಬಿಸಿಲು ಏರುವ ಹೊತ್ತಿಗೆ ಕೊನೆಯ ವರ್ಷದ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ವಿದ್ಯಾನಗರದ ನಮ್ಮ ಮನೆ ಬಾಗಿಲಿಗೆ ಬರತೊಡಗುತ್ತಾರೆ. ಜಾವಾ ಪ್ರಾಜೆಕ್ಟು, ಮೇವನ್ ಬಿಲ್ಡು (ಬೇಕಾದ ಲೈಬ್ರರಿಗಳನ್ನು ತಂದು ಪ್ರಾಜೆಕ್ಟನ್ನು ಕಟ್ಟಿಕೊಡುವ ಸಾಧನವೇ ಮೇವನ್). ನಿನ್ನೆ ಓಡಿದ್ದು ಇವತ್ತು ಓಡುತ್ತಿಲ್ಲ. ಹೆಚ್ಚಿನ ಸಲ ಅವರು ಬರೆದ ಕೋಡು ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಹೊರಗಿನಿಂದ ತಂದ ಲೈಬ್ರರಿಗಳ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳ, ಹೊಂದಾಣಿಕೆ. ರಾತ್ರಿಯಿಡೀ ಅದಕ್ಕೆ ಇದಕ್ಕೆ ಕೈ ಹಾಕಿ, ಒಂದಿದ್ದ ತೊಂದರೆಯನ್ನು ನಾಲ್ಕು ಮಾಡಿಕೊಂಡು ಬಂದಿರುತ್ತಾರೆ. ಅದಕ್ಕೇ ಈ ಕ್ರಮವನ್ನು ಬರೆದಿಡುತ್ತಿದ್ದೇನೆ.

ಹೆಜ್ಜೆ 1: ಜಾರ್ ಫೈಲುಗಳನ್ನು (ಲೈಬ್ರರಿ ಕಟ್ಟಿಟ್ಟ ಫೈಲುಗಳನ್ನು) ಹೊರಗೆ ಹಾಕಿ. ಗೆಳೆಯನ ಪೆನ್‌ಡ್ರೈವಿನಿಂದ ನಕಲು ಮಾಡಿದ ಜಾರ್‌ಗಳು ಲಿಬ್ ಫೋಲ್ಡರಿನಲ್ಲಿದ್ದರೆ ಅಳಿಸಿ. ಬೇಕಾದ ಲೈಬ್ರರಿಗಳನ್ನೆಲ್ಲ (ಇವಕ್ಕೇ ಡಿಪೆಂಡೆನ್ಸಿ ಎನ್ನುವುದು) ಪಾಮ್ ಫೈಲಿನಲ್ಲಿ, ಅಂದರೆ ಮೇವನ್ ಓದುವ ಪ್ರಾಜೆಕ್ಟಿನ ವಿವರದ ಫೈಲಿನಲ್ಲಿ, ಗುಂಪು, ಹೆಸರು, ಆವೃತ್ತಿ ಸಮೇತ ಬರೆಯಿರಿ. ‘ಮೇವನ್ ಸೆಂಟ್ರಲ್’ ಎಂಬ ಆನ್‌ಲೈನ್ ಭಂಡಾರದಿಂದ ಮೇವನ್ ತಾನೇ ತಂದುಕೊಳ್ಳುತ್ತದೆ. ಹುಡುಕಿದಾಗ ಮೊದಲು ಕಾಣುವ ‘ಉಚಿತ ಜಾರ್ ಡೌನ್‌ಲೋಡ್’ ತಾಣಗಳ ಸಹವಾಸ ಬೇಡ. ಆ ಫೈಲಿನೊಳಗೆ ಏನಿದೆ ಎಂಬುದಕ್ಕೆ ಯಾರ ಜವಾಬ್ದಾರಿಯೂ ಇರುವುದಿಲ್ಲ. ಹಳೆಯ ಪಾಠಗಳಲ್ಲಿ ಜೆಸೆಂಟರ್ ಎಂಬ ಭಂಡಾರದ ವಿಳಾಸ ಸಿಗುತ್ತದೆ. ಅದನ್ನು ನಿಲ್ಲಿಸುವುದಾಗಿ 2021ರಲ್ಲೇ ಘೋಷಿಸಲಾಗಿದೆ, ಆ ಸಾಲನ್ನೂ ತೆಗೆಯಿರಿ.

ಹೆಜ್ಜೆ 2: ಸ್ಕೋಪ್ ಹಾಕಿ, ಅಂದರೆ ಆ ಲೈಬ್ರರಿ ಯಾವ ಹಂತಕ್ಕೆ ಬೇಕು ಎಂದು ಬರೆಯಿರಿ. ಟೆಸ್ಟ್ ಬರೆಯಲು ಬಳಸುವ ಜೆಯುನಿಟ್‌ಗೆ ‘ಟೆಸ್ಟ್’, ವೆಬ್ ಸರ್ವರ್ ಟಾಮ್‌ಕ್ಯಾಟ್ ತಾನೇ ಕೊಡುವ ಸರ್ವ್‌ಲೆಟ್ ಎಪಿಐಗೆ ‘ಪ್ರೊವೈಡೆಡ್’. ಉಳಿದವಕ್ಕೆ ಏನೂ ಬೇಡ. ಟಾಮ್‌ಕ್ಯಾಟ್ 10ರಿಂದ ಸರ್ವ್‌ಲೆಟ್ ಪ್ಯಾಕೇಜಿನ ಹೆಸರಿನಲ್ಲಿ ‘ಜಾವಾಎಕ್ಸ್’ ಹೋಗಿ ‘ಜಕಾರ್ತಾ’ ಬಂದಿದೆ ಎಂಬುದೊಂದು ನೆನಪಿರಲಿ.

ಹೆಜ್ಜೆ 3: ಮರ ನೋಡಿ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಬೆಣ್ಣೆದೋಸೆ ಹೇಳಿದರೆ ಆಲೂಗಡ್ಡೆ ಪಲ್ಯ, ಚಟ್ನಿ ನಾವು ಕೇಳದೆಯೇ ಬರುತ್ತವಲ್ಲ, ಲೈಬ್ರರಿಯೂ ಹಾಗೆಯೇ. ನೀವು ಬರೆದದ್ದು ಒಂದು. ಅದರ ಬೆನ್ನಿಗೆ ಅದಕ್ಕೆ ಬೇಕಾದ ಐದು, ಆ ಐದಕ್ಕೆ ಬೇಕಾದ ಹತ್ತು ಬರುತ್ತವೆ. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎರಡು ದಾರಿಯಿಂದ ಬಂದಾಗ ಮೇವನ್ ಒಂದನ್ನೇ ಇಟ್ಟುಕೊಳ್ಳುತ್ತದೆ. ಯಾವುದನ್ನು? ಹೊಸದನ್ನು ಎಂದು ಬಹಳ ಜನ ನಂಬಿದ್ದಾರೆ. ಗ್ರೇಡಲ್ ಎಂಬ ಇನ್ನೊಂದು ಬಿಲ್ಡ್ ಸಾಧನದಲ್ಲಿ ಸಾಮಾನ್ಯವಾಗಿ ಅದು ನಿಜ, ಮೇವನ್‌ನಲ್ಲಿ ಅಲ್ಲ. ಮೇವನ್ ನೋಡುವುದು ಹತ್ತಿರವನ್ನು. ನಿಮ್ಮ ಪಾಮ್‌ನಿಂದ ಕಡಿಮೆ ಮೆಟ್ಟಿಲು ದೂರದಲ್ಲಿರುವ ಆವೃತ್ತಿ ಗೆಲ್ಲುತ್ತದೆ, ಎಷ್ಟೇ ಹಳೆಯದಾದರೂ ಸರಿ. ಎರಡೂ ಸಮ ದೂರದಲ್ಲಿದ್ದರೆ ಪಟ್ಟಿಯಲ್ಲಿ ಮೇಲೆ ಬರೆದದ್ದರ ಮೂಲಕ ಬಂದದ್ದು ಗೆಲ್ಲುತ್ತದೆ.

ಈ ಕೊನೆಯ ನಿಯಮ ಹೇಗೆ ಕಾಡುತ್ತದೆ ನೋಡಿ. ಹೋದ ವರ್ಷ ಒಬ್ಬ ಹುಡುಗ ಬಂದ. “ಏನೂ ಮುಟ್ಟಿಲ್ರೀ ಸರ್, ಡಿಪೆಂಡೆನ್ಸಿಗಳನ್ನ ಎ ಇಂದ ಝೆಡ್ ಸಾಲಾಗಿ ಜೋಡಿಸಿದೆ ಅಷ್ಟೆ” ಎಂದ. ಕಂಪೈಲ್ ಆಗುತ್ತಿತ್ತು, ಓಡಿಸಿದರೆ ‘ಸ್ಟ್ರೀಮ್‌ರೀಡ್‌ಕನ್‌ಸ್ಟ್ರೈಂಟ್ಸ್’ ಎಂಬ ಕ್ಲಾಸೇ ಇಲ್ಲವೆಂದು ನಿಲ್ಲುತ್ತಿತ್ತು. ಅವನ ಪಟ್ಟಿಯಲ್ಲಿದ್ದದ್ದು ಜಾಕ್ಸನ್ ಡೇಟಾಬೈಂಡ್ 2.15 (ಜಾಕ್ಸನ್ ಎಂದರೆ ಜೇಸನ್ ದತ್ತಾಂಶ ಓದಿ ಬರೆಯುವ ಲೈಬ್ರರಿಗಳ ಗುಂಪು), ಅದಕ್ಕೆ ಜಾಕ್ಸನ್ ಕೋರ್ 2.15 ಬೇಕು, ಆ ಕ್ಲಾಸು ಹುಟ್ಟಿದ್ದೇ ಕೋರ್‌ನ 2.15ರಲ್ಲಿ. ಜೊತೆಗಿದ್ದ ಇನ್ನೊಂದು ಹಳೆಯ ಲೈಬ್ರರಿ ಕೋರ್ 2.9 ಕೇಳುತ್ತಿತ್ತು. ಎರಡೂ ಕೋರ್‌ಗಳು ಎರಡನೆಯ ಮೆಟ್ಟಿಲಲ್ಲೇ ಇದ್ದವು. ಮೊದಲು ಡೇಟಾಬೈಂಡ್ ಮೇಲಿತ್ತು, 2.15 ಗೆದ್ದಿತ್ತು. ಅಕ್ಷರ ಕ್ರಮಕ್ಕೆ ಜೋಡಿಸಿದಾಗ ಹಳೆಯ ಲೈಬ್ರರಿ ಮೇಲೆ ಬಂತು, 2.9 ಗೆದ್ದಿತು. ಕೋಡಿನ ಒಂದಕ್ಷರವೂ ಬದಲಾಗದೆ ಪ್ರಾಜೆಕ್ಟು ಮಲಗಿತು.

ಇದನ್ನು ಊಹೆಯಿಂದ ಹಿಡಿಯಲಾಗದು. ಟರ್ಮಿನಲ್ಲಿನಲ್ಲಿ ಎಂವಿಎನ್ ಎಂದು ಬರೆದು, ಜಾಗ ಬಿಟ್ಟು, ಡಿಪೆಂಡೆನ್ಸಿ, ಕೋಲನ್, ಟ್ರೀ ಎಂದು ಸೇರಿಸಿ ಎಂಟರ್ ಒತ್ತಿ. ಯಾವುದರ ಕೆಳಗೆ ಯಾವುದು ಬಂತು ಎಂಬ ಮರ ಮೂಡುತ್ತದೆ. ಇಷ್ಟಕ್ಕೇ ನಿಲ್ಲಿಸಬೇಡಿ: ಇದರಲ್ಲಿ ಗೆದ್ದವು ಮಾತ್ರ ಕಾಣುತ್ತವೆ, ಸೋತವು ಕಾಣುವುದಿಲ್ಲ. ಅದೇ ಆಜ್ಞೆಯ ಕೊನೆಗೆ ಡ್ಯಾಶ್, ದೊಡ್ಡಕ್ಷರದ ಡಿ, ವರ್ಬೋಸ್ ಎಂದು ಅಂಟಿಸಿ ಬರೆದು ಮತ್ತೆ ಓಡಿಸಿ. ಈಗ ಕೆಲವು ಸಾಲುಗಳ ಪಕ್ಕದಲ್ಲಿ ‘ಒಮಿಟೆಡ್ ಫಾರ್ ಕಾನ್‌ಫ್ಲಿಕ್ಟ್’ ಎಂದಿರುತ್ತದೆ. ಓದಬೇಕಾದದ್ದು ಆ ಸಾಲುಗಳನ್ನೇ. ಯಾವ ಆವೃತ್ತಿಯನ್ನು ಬಿಟ್ಟು ಯಾವುದನ್ನು ಇಟ್ಟುಕೊಂಡಿತು, ಅದನ್ನು ಕೇಳಿದ್ದು ಯಾರು ಎಂದು ಕಾಗದದ ಮೇಲೆ ಗುರುತು ಹಾಕಿ. ಮರ ಉದ್ದವಾಗಿದ್ದರೆ ಫೈಲಿಗೆ ಬರೆಸಿಕೊಂಡು ಜಾಕ್ಸನ್ ಎಂದು ಹುಡುಕಿ.

2021ರ ಡಿಸೆಂಬರಿನಲ್ಲಿ ಲಾಗ್ ಬರೆಯುವ ಲಾಗ್‌ಫೋರ್‌ಜೆ ಲೈಬ್ರರಿಯ ದೊಡ್ಡ ಭದ್ರತಾ ಲೋಪ ಬಯಲಾದಾಗ ಎಷ್ಟೋ ತಂಡಗಳು ‘ನಾವು ಅದನ್ನು ಬಳಸಿಯೇ ಇಲ್ಲ’ ಎಂದುಕೊಂಡಿದ್ದವು. ಪಾಮ್‌ನಲ್ಲಿ ಅದರ ಹೆಸರಿರಲಿಲ್ಲ, ಮರದಲ್ಲಿ ಇತ್ತು.

ಹೆಜ್ಜೆ 4: ಆವೃತ್ತಿಯನ್ನು ಒಂದೇ ಕಡೆ ಬರೆಯಿರಿ. ಜಗಳ ಕಂಡ ಕೂಡಲೇ ಹುಡುಗರು ಎಕ್ಸ್‌ಕ್ಲೂಷನ್ (‘ಈ ದಾರಿಯಿಂದ ಇದು ಬೇಡ’ ಎಂಬ ಸಾಲು) ಹಾಕತೊಡಗುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಇವತ್ತು ಒಂದು ದಾರಿ ಮುಚ್ಚಿದರೆ ನಾಳೆ ಸೇರಿಸುವ ಲೈಬ್ರರಿ ಇನ್ನೊಂದು ದಾರಿಯಿಂದ ಅದನ್ನೇ ತರುತ್ತದೆ. ಸಾಲುಗಳನ್ನು ಹಿಂದೆ ಮುಂದೆ ಮಾಡಿ ಗೆಲ್ಲಿಸುವುದೂ ಬೇಡ, ನಿಮ್ಮ ನಂತರ ಮುಟ್ಟುವವರಿಗೆ ಆ ಗುಟ್ಟು ಗೊತ್ತಿರುವುದಿಲ್ಲ. ಪಾಮ್‌ನಲ್ಲಿ ‘ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್’ ಎಂಬ ಭಾಗವಿದೆ. ಅಲ್ಲಿ ಬರೆದ ಆವೃತ್ತಿ, ಎಷ್ಟು ಮೆಟ್ಟಿಲು ಕೆಳಗಿನಿಂದ ಬಂದ ಲೈಬ್ರರಿಗೂ ಅನ್ವಯಿಸುತ್ತದೆ. ಜಾಕ್ಸನ್‌ನಂಥ ಒಂದೇ ಮನೆಯ ಲೈಬ್ರರಿಗಳಿಗೆ ‘ಬಾಮ್’ ಎಂಬ ಸಿದ್ಧ ಪಟ್ಟಿ ಸಿಗುತ್ತದೆ. ಅದನ್ನು ಇದೇ ಭಾಗದಲ್ಲಿ, ಟೈಪ್ ‘ಪಾಮ್’, ಸ್ಕೋಪ್ ‘ಇಂಪೋರ್ಟ್’ ಎಂದು ಸೇರಿಸಿದರೆ ಕೋರ್, ಡೇಟಾಬೈಂಡ್, ಅನೊಟೇಷನ್ಸ್ ಮೂರೂ ಒಂದಕ್ಕೊಂದು ಹೊಂದುತ್ತವೆ. ಆ ಹುಡುಗನ ಪ್ರಾಜೆಕ್ಟಿಗೆ ಮಾಡಿದ್ದೂ ಇಷ್ಟೇ. ಪಟ್ಟಿ ಅಕ್ಷರ ಕ್ರಮದಲ್ಲೇ ಉಳಿಯಿತು.

ಎರಡರಲ್ಲಿ ಯಾವ ಆವೃತ್ತಿ ಇಡಬೇಕು? ಮೊದಲ ಅಂಕಿ ಒಂದೇ ಆಗಿದ್ದರೆ ಹೊಸದನ್ನು ಇಟ್ಟು ಟೆಸ್ಟ್‌ಗಳನ್ನು ಓಡಿಸಿ. ಮೊದಲ ಅಂಕಿಯೇ ಬೇರೆಯಾಗಿದ್ದರೆ, ಹಳೆಯದನ್ನು ಕೇಳುತ್ತಿರುವ ಲೈಬ್ರರಿಯನ್ನೇ ಮೇಲಕ್ಕೆ ಏರಿಸಲು ನೋಡಿ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನ ಪೇರೆಂಟ್ (ನಿಮ್ಮ ಪಾಮ್‌ಗೆ ಆಧಾರವಾಗುವ ಸಿದ್ಧ ಪಾಮ್) ಬಳಸುತ್ತಿದ್ದರೆ ಅದು ಆಗಲೇ ನೂರಾರು ಆವೃತ್ತಿಗಳನ್ನು ಹೊಂದಿಸಿಟ್ಟಿದೆ; ಅದರ ಮೇಲೆ ನೀವು ಅಂಕಿ ಬರೆಯಲೇಬೇಡಿ. ‘ಲೇಟೆಸ್ಟ್’ ಎಂಬ ಪದವನ್ನಂತೂ ಆವೃತ್ತಿಯ ಜಾಗದಲ್ಲಿ ಎಂದೂ ಹಾಕಬೇಡಿ.

ಹೆಜ್ಜೆ 5: ಅರ್ಧ ಇಳಿದ ಫೈಲು. ಮೊಬೈಲ್ ಹಾಟ್‌ಸ್ಪಾಟ್ ನಡುವೆ ಕಡಿದರೆ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಬಿಲ್ಡ್ ಮಾಡಿದರೂ ಅದೇ ತಪ್ಪು ಬರುತ್ತದೆ. ಆಗ, ಇಳಿಸಿದ ಲೈಬ್ರರಿಗಳನ್ನು ಮೇವನ್ ಕೂಡಿಡುವ ‘ಡಾಟ್ ಎಂ2’ ಫೋಲ್ಡರನ್ನೇ ಇಡಿಯಾಗಿ ಅಳಿಸುವವರಿದ್ದಾರೆ. ಎಲ್ಲವೂ ಮೊದಲಿನಿಂದ ಇಳಿಯುವಷ್ಟರಲ್ಲಿ ದಿನದ ಡೇಟಾ ಮುಗಿದಿರುತ್ತದೆ. ಆ ಒಂದು ಲೈಬ್ರರಿಯ ಫೋಲ್ಡರ್ ಮಾತ್ರ ಅಳಿಸಿ, ಬಿಲ್ಡ್ ಆಜ್ಞೆಗೆ ಡ್ಯಾಶ್, ದೊಡ್ಡಕ್ಷರದ ಯು ಸೇರಿಸಿ ಓಡಿಸಿ.

ಹೆಜ್ಜೆ 6: ವೈವಾದ ಹಿಂದಿನ ರಾತ್ರಿ. ಮನೆಯಲ್ಲಿ ನೆಟ್ ಚೆನ್ನಾಗಿರುವಾಗ, ಬೇಕಾದದ್ದೆಲ್ಲ ಮೊದಲೇ ಇಳಿದಿರಲೆಂದು, ಎಂವಿಎನ್ ಮುಂದೆ ‘ಡಿಪೆಂಡೆನ್ಸಿ ಕೋಲನ್ ಗೋ-ಆಫ್‌ಲೈನ್’ ಬರೆದು ಓಡಿಸಿ. ಆಮೇಲೆ ವೈಫೈ ಆರಿಸಿ, ಬಿಲ್ಡ್ ಆಜ್ಞೆಗೆ ಡ್ಯಾಶ್, ಸಣ್ಣಕ್ಷರದ ಓ (ನೆಟ್ ಮುಟ್ಟಬೇಡ ಎಂಬ ಸೂಚನೆ) ಹಾಕಿ ಒಮ್ಮೆ ಪೂರ್ತಿ ಬಿಲ್ಡ್ ಮಾಡಿ. ಯಾವುದಾದರೂ ಪ್ಲಗಿನ್ ಇಲ್ಲವೆಂದು ನಿಂತರೆ ವೈಫೈ ಹಚ್ಚಿ ಇಳಿಸಿಕೊಂಡು, ಮತ್ತೆ ಆರಿಸಿ ಪರೀಕ್ಷಿಸಿ. ಮಲಗುವುದು ಅದಾದ ಮೇಲೆ.